ನೀರಿಗೆ ಆರಿದ ಬೆಂಕಿ

ಸುಟ್ಟದ್ದು ಒಂದು ತಗಡಿನ ಡಬ್ಬಿ, ಅಷ್ಟೇ. ಐನಾಪುರದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಲೆಯಲ್ಲಿ ಅದು ಕಪ್ಪಗೆ ಬಿದ್ದಿತ್ತು. ಸುತ್ತ ನೀರು ನಿಂತಿತ್ತು. ಸಬ್ ಇನ್‌ಸ್ಪೆಕ್ಟರ್ ಶ್ರೀಪಾಲ ಮಗದುಮ ಮೊಣಕಾಲೂರಿ ಕುಳಿತರು. 1986ರ ಏಪ್ರಿಲ್ ಬಿಸಿಲು. ಎದ್ದು ನಿಲ್ಲುವುದೇ ಬೇಡವೆನಿಸಿತು.

ಡಬ್ಬಿಯಲ್ಲಿದ್ದದ್ದು ಹಳೆಯ ನಟಿ ಗೌರಾಬಾಯಿಯ ಚಿತ್ರದ ರೀಲು ಎಂದು ಮನೆಯವರ ಮಾತು. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಕೊಲ್ಹಾಪುರದಲ್ಲಿ ತೆಗೆದದ್ದು. ಅದರ ಹಿಂದೆ ಮುಂದೆ ಆಕೆ ನಾಟಕ ಕಂಪನಿಗಳ ಜೊತೆ ಊರೂರು ಅಲೆದವರು. ಚಿತ್ರದ ಉಳಿದ ಪ್ರತಿಗಳೆಲ್ಲ ಎಂದೋ ಕಳೆದುಹೋಗಿದ್ದವು. ಉಳಿದದ್ದು ಈ ಒಂದು ರೀಲು. ಅದರಲ್ಲಿ ಆಕೆಯ ಒಂದು ಹಾಡು. ಹಳೆಯ ಚಿತ್ರಗಳನ್ನು ಕಾಪಿಡುವವರು ಸೋಮವಾರ ಪುಣೆಯಿಂದ ಬರುವವರಿದ್ದರು. ಎಳೆಯ ವಯಸ್ಸಿನ ತನ್ನ ಮುಖವನ್ನು ಆ ಮುದುಕಿ ಇನ್ನೊಮ್ಮೆ ನೋಡುವುದಿತ್ತು.

"ನನ್ನ ಅಣ್ಣನ ಮಗ ಸುಟ್ಟಾನ್ರಿ. ಬರಕೊಳ್ರಿ," ಎಂದರು ಗೌರಾಬಾಯಿ. ದನಿ ಏರಲಿಲ್ಲ.

ಅಣ್ಣಾಸಾಬ ಬಾಗಿಲಲ್ಲೇ ನಿಂತಿದ್ದ. ಶೆಡ್ಡು ಅವನದು. ಡಬ್ಬಿ ಹೊರಗೆ ಹಾಕೆಂದು ಜಗಳವಾಡಿದ್ದು ಹೌದು ಎಂದ.

"ಹ್ವಾದ ವರ್ಷ ಭಾಳ ಹುಳಿ ವಾಸನಿ ಹೊಡೀತಿತ್ರಿ. ಮಾಲಿಗೆ ಹತ್ತತೈತಿ ಅಂತ ಅಂದಿದ್ದೆ. ಈ ವರ್ಷ ವಾಸನಿ ಇರಲಿಲ್ಲ, ನಾನೂ ಸುಮ್ಮನಾದೆ."

ಬೀಗ ಒಡೆದಿರಲಿಲ್ಲ. ಒಂದು ಕೀಲಿ ಅವನ ಬಳಿ. ಇನ್ನೊಂದು ಪೇಟಿ ಮಾಸ್ತರ ಧೂಳಪ್ಪನ ಬಳಿ. ಗೌರಾಬಾಯಿಯ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವನು ಈತ. ಕಂಪನಿ ಮುಚ್ಚಿದ ಮೇಲೆ ಆಕೆಯ ಮನೆಯ ಪಡಸಾಲೆಯಲ್ಲೇ ಮುದುಕನಾಗಿದ್ದ.

"ಯಾರದೋ ಬೀಡಿ ಕಿಡಿ ಹಾರಿರಬೇಕ್ರಿ ಸಾಹೇಬ್ರ," ಎಂದ ಧೂಳಪ್ಪ. "ಅಣ್ಣಾಸಾಬ ಓಡಿ ಬಂದು ಎರಡು ಕೊಡ ನೀರು ಸುರುವಿದ. ಆರಿತು. ನಾನ ನೋಡೇನಿ."

ಗೌರಾಬಾಯಿ ಪಟ್ಟು ಬಿಡಲಿಲ್ಲ. ಶ್ರೀಪಾಲರು ಅಣ್ಣಾಸಾಬನನ್ನು ಜೀಪಿಗೆ ಹತ್ತಿಸಿದರು. ಅವನು ಅತ್ತೆಯ ಕಡೆ ತಿರುಗಿ ನೋಡಲಿಲ್ಲ.

* * *

ಠಾಣೆಯಲ್ಲಿ ಚಹಾ ಆರಿಹೋಯಿತು. ಶ್ರೀಪಾಲರು ಮುಟ್ಟಲಿಲ್ಲ.

ಎರಡು ಕೊಡ ನೀರು. ಆರಿತು.

ಬಿ.ಎಸ್ಸಿ.ಯಲ್ಲಿ ಅವರದು ರಸಾಯನಶಾಸ್ತ್ರ. ಓದಿದ್ದು ಬಹಳಷ್ಟು ಮರೆತಿತ್ತು. ಇದೊಂದು ಮರೆತಿರಲಿಲ್ಲ. ಆ ಕಾಲದ ಫಿಲ್ಮು ತುಪಾಕಿ ಮದ್ದಿನ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹೊತ್ತಿಕೊಂಡರೆ ನೀರಿನೊಳಗೆ ಮುಳುಗಿಸಿದರೂ ಉರಿಯುತ್ತದೆ. ನೀರಿಗೆ ಆರಿದ್ದು ಆ ಫಿಲ್ಮು ಆಗಿರಲು ಸಾಧ್ಯವಿಲ್ಲ. ಡಬ್ಬಿಯ ತಳದಲ್ಲಿದ್ದ ಕರಗಿದ ಗಂಟುಗಳೂ ಅಷ್ಟು ಸುಲಭವಾಗಿ ಉರಿಯದ ಈಚಿನ ಫಿಲ್ಮಿನವೇ.

ಹಾಗಾದರೆ ನಿಜವಾದ ರೀಲು ಎಲ್ಲಿ?

ಅಣ್ಣಾಸಾಬ ಮಾರಿರಬಹುದೆಂದು ಮೊದಲು ಅನಿಸಿತು. ಹಳೆಯ ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ. ಹುಪರಿಯ ಬೆಳ್ಳಿ ಪೇಟೆ ದೂರವಲ್ಲ. ಮರುದಿನ ಬಿಸಿಲಲ್ಲಿ ಅಲ್ಲಿಗೂ ಹೋಗಿ ಅಂಗಡಿ ಅಂಗಡಿ ಕೇಳಿದರು. ಯಾರೂ ಕೊಂಡಿರಲಿಲ್ಲ. ಮರಳಿ ಬರುವಾಗ, ಈಚಿನ ಫಿಲ್ಮು ಸಿಗುವ ಜಾಗವೆಂದು, ಅಥಣಿಯ ಟಾಕೀಸಿನಲ್ಲಿ ಇಳಿದರು. ಹರಿದ ಫಿಲ್ಮಿನ ತುಂಡು ಯಾರಿಗಾದರೂ ಕೊಟ್ಟಿದ್ದೀಯಾ ಎಂದು ಆಪರೇಟರ್ ಬಾಬಾಸಾಹೇಬನನ್ನು ಕೇಳಿದರು.

"ಪೇಟಿ ಮಾಸ್ತರ್ ಒಯ್ದಾರಲ್ರಿ, ಚೀಲ ತುಂಬ," ಎಂದು ಅವನು ನಕ್ಕ. "ಈ ವಯಸ್ಸಿನಾಗ ಯಾವ ಹೀರೋಯಿನ್‌ಗೆ ಮನಸ್ಸು ಕೊಟ್ಟಾರೋ ಏನೋ."

* * *

ಸಂಜೆ ಗೌರಾಬಾಯಿಯ ಪಡಸಾಲೆ. ಅಣ್ಣಾಸಾಬನನ್ನೂ ಕರೆತಂದಿದ್ದರು. ಶ್ರೀಪಾಲರು ಧೂಳಪ್ಪನ ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆಗೆಸಿದರು. ಒಳಗೆ ಇನ್ನೊಂದು ಡಬ್ಬಿ, ತುಕ್ಕು ತಿಂದದ್ದು. ಅದರಲ್ಲಿ ಕಂದು ಪುಡಿ. ಹುಳಿ ವಾಸನೆ ಪಡಸಾಲೆಗೆ ಹರಡಿತು.

"ಇದ ನಿಮ್ಮ ರೀಲ್ರಿ ಬಾಯಾರ," ಎಂದರು.

ಮೆಲ್ಲಗೆ ವಿವರಿಸಿದರು. ಅಂಥ ಫಿಲ್ಮು ಕಾವಿಗೆ ಕೊಳೆಯುತ್ತದೆ. ಮೊದಲು ಅಂಟು, ಆಮೇಲೆ ಪುಡಿ. ಅಣ್ಣಾಸಾಬನಿಗೆ ಬಂದದ್ದು ಆ ಕೊಳೆತದ್ದರ ವಾಸನೆ. ಈ ವರ್ಷ ವಾಸನೆ ನಿಂತಿತು; ಯಾರೋ ಡಬ್ಬಿ ಒಯ್ದು ಅದರ ಜಾಗದಲ್ಲಿ ಬೇರೆ ಇಟ್ಟಿದ್ದರು. ಸುಟ್ಟದ್ದು ಆ ಬೇರೆಯದು. ಅದಕ್ಕೇ ನೀರಿಗೆ ಆರಿತು. ಕೀಲಿ ಇದ್ದದ್ದು ಇಬ್ಬರಲ್ಲಿ, ಟಾಕೀಸಿನಿಂದ ತುಂಡು ತಂದದ್ದು ಒಬ್ಬ.

ಧೂಳಪ್ಪ ಗೋಡೆಗೆ ಒರಗಿದ.

"ಮನ್ಯಾಗ ಇಲಿ ಕಾಟ ಅಂತ ತಗಡಿನ ಶೆಡ್ಡಿನ್ಯಾಗ ಇಟ್ಟಾಂವ ನಾನ. ಕಾವಿಗೆ ಹಿಂಗಾತು. ಸೋಮವಾರ ಅವರು ಬಂದು ಮುಚ್ಚಳ ತಗದ್ರ ಬಾಯಾರ ಮುಖ ನೋಡೂದು ಹೆಂಗ? ಕಡೀತನಕ ಚಲೋ ಇತ್ತು, ಬೆಂಕಿಗೆ ಹೋತು ಅಂತ ತಿಳಕೊಳ್ಳಲಿ ಅಂದೆ. ಇದನ್ನ ಸುಡಾಕ ಮನಸ್ಸಾಗಲಿಲ್ಲ, ಬ್ಯಾರೇದಕ್ಕ ಬೆಂಕಿ ಇಟ್ಟೆ."

"ರೀಲು ತಾನ ಸತ್ತಿತ್ತು," ಎಂದರು ಗೌರಾಬಾಯಿ. "ಹುಡುಗನ್ನ ಯಾಕ ಒಳಗ ಹಾಕಿಸಿದಿ?"

"ಬೀಡಿ ಕಿಡಿ ಅಂದಿದ್ನಲ್ರಿ. ಅವನ ಹೆಸರು ಹೇಳಿದಾವ್ರು ನೀವು. ಆಮ್ಯಾಲ ನನಗ ಬಾಯಿ ಬರಲಿಲ್ಲ."

ಗೌರಾಬಾಯಿ ಡಬ್ಬಿಯಲ್ಲಿ ಕೈ ಇಟ್ಟರು. ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು, ಮುಖಕ್ಕೆ ಬಣ್ಣ ಹಚ್ಚುವ ಮೊದಲು ನೋಡುವಂತೆ.

"ಹೌದು. ನಾನ ಹೇಳಿದೆ," ಎಂದರು. "ಬರದದ್ದು ಹೊಡದು ಹಾಕ್ರಿ ಸಾಹೇಬ್ರ."

ಅಣ್ಣಾಸಾಬ ಇನ್ನೂ ಹೊಸ್ತಿಲಾಚೆಯೇ ಇದ್ದ. "ಈ ಪುಡಿಗೂ ಬೆಂಕಿ ಹತ್ತತೈತೇನ್ರಿ?" ಎಂದು ಶ್ರೀಪಾಲರನ್ನು ಕೇಳಿದ.

"ಹತ್ತತೈತಿ. ನೀರಾಗ ಇಟ್ರ ಚಲೋ."

ಅವನು ಒಳಗೆ ಹೋಗಿ ಕೊಡ ತಂದ. ಡಬ್ಬಿ ತುಂಬುವವರೆಗೆ ನಿಧಾನ ಸುರಿದ. ಪುಡಿ ಸ್ವಲ್ಪ ಹೊತ್ತು ತೇಲಿತು, ಆಮೇಲೆ ಕಣಕಣವಾಗಿ ಕೆಳಗಿಳಿಯಿತು. ಕೊಡದಲ್ಲಿ ಇನ್ನೂ ನೀರಿತ್ತು.

"ಕೈ ಮುಂದ ಮಾಡು ಅತ್ತಿ," ಎಂದ. "ತೊಳಕೋ."