ಕೆಂಕೆರೆಯಿಂದ ಮೇಲೆದ್ದ ಮಿಡತೆ

ಒಂದೇ ಸುತ್ತು. ಕೆಂಕೆರೆಯ ಒಣಗಿದ ಕೆರೆ ಅಂಗಳದಿಂದ ಏಳಬೇಕು, ಹುಳಿಯಾರಿನ ಕಡೆ ಹೋಗಿ ತಿರುಗಬೇಕು, ಮತ್ತೆ ಅದೇ ಅಂಗಳಕ್ಕೆ ಇಳಿಯಬೇಕು. ಇವತ್ತಿನ ಕೆಲಸ ಅಷ್ಟೇ. ಕೇಳುವುದಕ್ಕೆ ಸಲೀಸು. ಆದರೆ ಆ ವಿಮಾನವನ್ನು ಕಣ್ಣಾರೆ ಕಂಡ ಯಾರೂ ಸಲೀಸು ಎನ್ನುತ್ತಿರಲಿಲ್ಲ.

ಹುಳಿಯಾರಿನಲ್ಲಿ ಪಂಪ್‌ಸೆಟ್ಟು, ಮೋಟಾರ್ ಸೈಕಲ್ಲು ರಿಪೇರಿ ಮಾಡಿಕೊಂಡಿದ್ದ ಜುಲ್ಫಿಕರ್ ತನ್ನ ಗ್ಯಾರೇಜಿನ ಹಿತ್ತಲಲ್ಲಿ ವರ್ಷಗಟ್ಟಲೆ ಕೂತು ಅದನ್ನು ಕಟ್ಟಿದ್ದ. ಎಂಜಿನ್ನು ಕಿಬ್ಬನಹಳ್ಳಿ ಹತ್ತಿರ ಹಿಂದಿನಿಂದ ಲಾರಿ ಗುದ್ದಿ ನಜ್ಜುಗುಜ್ಜಾಗಿದ್ದ ಒಂದು ಸಣ್ಣ ಕಾರಿನದು. ರೆಕ್ಕೆ, ಬಾಲದ ಬಟ್ಟೆ ಹೊಲಿದವಳು ಅವನ ತಂಗಿ ಶಬೀನಾ, ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವ ಅದೇ ಮಿಷನ್ನಿನಲ್ಲಿ. ಅದರ ಉದ್ದ ಕಾಲು, ತಗ್ಗಿದ ಮೂತಿ ನೋಡಿ ಹುಳಿಯಾರಿನ ಜನ ‘ಮಿಡತೆ’ ಅಂತ ಹೆಸರಿಟ್ಟರು. ಜುಲ್ಫಿಕರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ತಾನೇ ಕೆಂಪು ಬಣ್ಣದಲ್ಲಿ ಆ ಹೆಸರು ಬರೆದುಬಿಟ್ಟ. ಸರ್ಕಾರದ ಅನುಮತಿ ಇದೆಯಾ ಎಂದು ಯಾರಾದರೂ ಕೇಳಿದರೆ ಮಾತ್ರ ಅವನಿಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು.

ಹಾರಿಸುವವಳು ಆಶಾ. ಕೆಂಕೆರೆಯವಳು, ಶಬೀನಾಳ ಹೈಸ್ಕೂಲ್ ಗೆಳತಿ. ಬೆಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತಿದ್ದಳು. ಅವಳ ತಾಯಿ ಚಿಕ್ಕಗೌರಮ್ಮನನ್ನು ಒಪ್ಪಿಸುವುದು ವಿಮಾನ ಕಟ್ಟಿದಷ್ಟೇ ಕಷ್ಟವಾಗಿತ್ತು. ಊಟ ಬಿಟ್ಟಿದ್ದಾಯಿತು, ಮಾತು ಬಿಟ್ಟಿದ್ದಾಯಿತು, ಕೊನೆಗೆ ತಾಯಿ ಒಂದು ಷರತ್ತು ಹಾಕಿದಳು.

“ಒಂದೇ ಒಂದು ಸಲ ಕಣೇ. ಏನಾರ ಹೆಚ್ಚುಕಮ್ಮಿ ಆಯ್ತು ಅಂದ್ರೆ ಇನ್ನು ಜನ್ಮದಲ್ಲಿ ಆ ಗಾಡಿ ಮುಟ್ಟಂಗಿಲ್ಲ. ನನ್ನ ತಲೆ ಮೇಲೆ ಕೈ ಇಟ್ಟು ಹೇಳು.”

ಆಶಾ ಕೈ ಇಟ್ಟು ಹೇಳಿದ್ದಳು. ಹಾರುವುದು ಬಿಟ್ಟರೆ ಅವಳಿಗೆ ಇನ್ನೊಂದು ಆಸೆ ಇರಲಿಲ್ಲ. ಇವತ್ತು ಸರಿಹೋದರೆ ಆ ಆಸೆ ಉಳಿಯುತ್ತದೆ, ತಪ್ಪಿದರೆ ಇವತ್ತಿಗೇ ಮುಗಿಯುತ್ತದೆ.

ಅವಳೂ ಜುಲ್ಫಿಕರನೂ ಶಬೀನಾಳೂ ಕೆರೆ ಅಂಗಳದ ಉದ್ದಕ್ಕೂ ನಡೆದು ಕಲ್ಲು, ಜಾಲಿಮುಳ್ಳು ಆಯ್ದು ಬಿಸಾಡಿದರು. ವಾಪಸ್ಸು ಬರುವಷ್ಟರಲ್ಲಿ ಚಿಕ್ಕಗೌರಮ್ಮ ಮಿಡತೆಗೆ ಗಂಧ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಪೂಜೆ ಮುಗಿಸಿ ಒಂದು ಪಕ್ಕಕ್ಕೆ ನಿಂತಿದ್ದಳು. ಜುಲ್ಫಿಕರ್ ಹಾರ ತೆಗೆದು ಮೂತಿಯ ಫ್ಯಾನಿಗೆ ಸಿಕ್ಕದ ಹಾಗೆ ದೂರ ಇಟ್ಟ. ಆಮೇಲೆ ಇಬ್ಬರು ಹುಡುಗಿಯರಿಗೂ ಕೊನೆಯ ಪಾಠ ಶುರು ಮಾಡಿದ.

“ನೋಡು ಆಶಾ, ಎಂಜಿನ್ನು ಭಾರ, ಮೂತಿ ತಗ್ಗುತ್ತೆ. ಅದಕ್ಕೇ ಸೀಟಿನ ಹಿಂದೆ ಮರಳು ಮೂಟೆ ಕಟ್ಟಿದೀನಿ. ಅದಿದ್ರೆ ಹಿಂದೂ ಮುಂದೂ ಸಮ. ಶಬೀನಾ, ನೀನು ಎಂಜಿನ್ನಿನ ಬಿಸಿ ತೋರ್ಸೋ ಈ ಮುಳ್ಳು ನೋಡ್ತಾ ಕೂತ್ಕೊ. ಕೆಂಪಿಗೆ ಹೋದ್ರೆ ಕೂಗು.”

“ನೀನೇ ಕೂತ್ಕೊ ಭಾಯ್. ನಂಗ್ಯಾಕೆ?”

“ನಾನು ಕೂತ್ರೆ ಅದು ಹಾರಲ್ಲ ಕಣೇ, ಕೆರೆ ಉಳ್ತದೆ.”

ಶಬೀನಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಆಶಾಳ ಪಕ್ಕದ ಸೀಟಿಗೆ ಹತ್ತಿದಳು. ತಾನು ಹೊಲಿದ ರೆಕ್ಕೆಯನ್ನು ತಾನೇ ನಂಬದಿದ್ದರೆ ಗಿರಾಕಿಗಳು ಏನಂದುಕೊಂಡಾರು!

ಎಂಜಿನ್ನು ಒಂದು ಸಲ ಕೆಮ್ಮಿ ಹತ್ತಿಕೊಂಡಿತು. ಮಿಡತೆ ಓಡಿತು. ಕೆರೆಯ ಬಿರುಕುಗಳ ಮೇಲೆ ದಡಬಡ ಹಾರುತ್ತಾ, ಧೂಳೆಬ್ಬಿಸುತ್ತಾ ಓಡಿತು. ಏರಿ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಆಶಾ ಸ್ಟಿಕ್ಕು ಮೆಲ್ಲಗೆ ಎಳೆದಳು.

ದಡಬಡ ಸದ್ದು ನಿಂತುಹೋಯಿತು.

“ಯಾ ಅಲ್ಲಾ!” ಎಂದಳು ಶಬೀನಾ. “ಎದ್ದೇಬಿಡ್ತಲ್ಲೇ!”

ಕೆಳಗೆ ಏರಿ ಸರಿದುಹೋಯಿತು. ಏರಿಯಾಚೆ ತೋಟಗಳು ಶುರುವಾದವು. ತೆಂಗಿನ ಮರವನ್ನು ಹುಟ್ಟಿದಾಗಿನಿಂದ ಕತ್ತೆತ್ತಿ ನೋಡಿದವರು ಅವರು. ಈಗ ಮೇಲಿನಿಂದ ಕಂಡರೆ ಗುರುತೇ ಸಿಗಲಿಲ್ಲ. ಕಾಂಡವೇ ಇಲ್ಲ, ಬರೀ ಹಸಿರು ಚಕ್ರಗಳು, ಒಂದರ ಪಕ್ಕ ಒಂದು, ಸಾಲು ಹಿಡಿದು ಚಿಕ್ಕನಾಯಕನಹಳ್ಳಿ ಗುಡ್ಡಗಳ ಬುಡದವರೆಗೂ ಹೋಗಿದ್ದವು. ನಡುವೆ ಅಲ್ಲಲ್ಲಿ ಕೆಂಪು ಹೊಲ, ಕೊಬ್ಬರಿ ಗೂಡಿನ ಹೆಂಚಿನ ಸೂರು, ದಾರದಂಥ ದಾರಿಯಲ್ಲಿ ಒಂದು ಬಸ್ಸು. ಬಡಗಲ ಕಡೆ ತೋಟ ತೆಳುವಾಗಿ ಬಯಲು ಬಿಚ್ಚಿಕೊಂಡಿತ್ತು, ಅಲ್ಲಿ ಕುರಿಹಿಂಡೊಂದು ಮೆಲ್ಲಗೆ ಜರುಗುತ್ತಿತ್ತು. ಆಶಾಳ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತೋ ಖುಷಿಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ.

“ಮುಳ್ಳು ಎಲ್ಲೈತೆ?” ಎಂದು ಕೂಗಿದಳು.

“ನಡುಮಧ್ಯ! ಚೆನ್ನಾಗೈತೆ!”

ಅಷ್ಟು ಹೊತ್ತಿಗೆ ಹಿಂದಿನಿಂದ ಪರ್ ಎಂದು ಏನೋ ಹರಿದ ಸದ್ದಾಯಿತು. ಅದರ ಬೆನ್ನಿಗೇ ದಡದಡದಡ.

ಮಿಡತೆಯ ಮೂತಿ ತಾನಾಗಿಯೇ ಮೇಲೆದ್ದಿತು.

ಆಶಾ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದಳು. ಮೂತಿ ಇಳಿಯಲಿಲ್ಲ. ಪೂರ್ತಿ ತಳ್ಳಿದಳು. ಇಳಿಯಲಿಲ್ಲ. ತೋಟ ಮಾಯವಾಯಿತು, ಗುಡ್ಡ ಮಾಯವಾಯಿತು, ಎದುರಿಗೆ ಬರೀ ಆಕಾಶ. ವಿಮಾನದ ಬಾಲ ಇಷ್ಟು ಭಾರವಾಗಿದ್ದು ಹೇಗೆ?

“ಹಿಂದೆ ಏನಾಯ್ತು ನೋಡೇ!”

ಶಬೀನಾ ತಿರುಗಿ ನೋಡಿದಳು.

“ಏನೇ? ಹೇಳೇ!”

“ಕಾಯಿ!”

“ಏನು?”

“ತೆಂಗಿನ್ಕಾಯಿ ಕಣೇ! ಮರಳಲ್ಲ! ಮೂಟೆ ಹರಿದು ಎಲ್ಲಾ ಬಾಲದೊಳಕ್ಕೆ ಉರುಳ್ಕೊಂಡು ಹೋಗವೆ!”

ಆಶಾಳಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ವೇಗ ಇಳಿಯುತ್ತಿತ್ತು. ರೆಕ್ಕೆಗಳು ಗಡಗಡ ನಡುಗತೊಡಗಿದವು.

“ತರ್ತೀನಿ ಇರು” ಎಂದು ಶಬೀನಾ ಸೀಟು ಹತ್ತಲು ಹೋದಳು.

“ಬ್ಯಾಡ! ಹಿಂದಕ್ಕೆ ಹೋಗ್ಬ್ಯಾಡ, ಇಬ್ರೂ ಸಾಯ್ತೀವಿ! ಮುಂದಕ್ಕೆ ಬಗ್ಗು! ಗಟ್ಟಿಯಾಗಿ ಹಿಡ್ಕೊ!”

ಆಶಾ ಥ್ರಾಟಲ್ ಇಳಿಸಿದಳು. ಎಂಜಿನ್ನಿನ ಸದ್ದು ಕುಗ್ಗಿತು. ಒಂದು ಕ್ಷಣ ಮಿಡತೆ ಗಾಳಿಯಲ್ಲಿ ಸುಮ್ಮನೆ ನಿಂತಿತು. ಆಮೇಲೆ ಎಡಗಡೆಯ ರೆಕ್ಕೆ ಕುಸಿಯಿತು. ಮೂತಿ ಧೊಪ್ಪನೆ ಕೆಳಕ್ಕೆ ಬಿತ್ತು.

ಈಗ ಎದುರಿಗೆ ಆಕಾಶ ಇರಲಿಲ್ಲ. ತೆಂಗಿನ ಸುಳಿಗಳು ಮೇಲಕ್ಕೆ ನುಗ್ಗಿ ಬರುತ್ತಿದ್ದವು.

ಹಿಂದಕ್ಕೆ ಹೋಗಿದ್ದ ಕಾಯಿಗಳೆಲ್ಲ ಈಗ ಮುಂದಕ್ಕೆ ಹೊರಟವು. ಒಂದು ಶಬೀನಾಳ ಬೆನ್ನಿಗೆ ಗುದ್ದಿತು. ಒಂದು ಅವಳ ಹಣೆಗೆ ತಗುಲಿ ಆಚೆ ಹಾರಿತು. ಉಳಿದವು ಸೀಟಿನ ಕೆಳಗೆ, ಸಂದಿಯಲ್ಲಿ, ಕಾಲ ಬುಡಕ್ಕೆ ಬಂದು ರಾಶಿ ಬಿದ್ದವು. ಬಾಲ ಹಗುರಾಯಿತು. ಆಶಾ ಹಲ್ಲು ಕಚ್ಚಿ ಸ್ಟಿಕ್ಕು ಎಳೆದಳು.

ಚಕ್ರಕ್ಕೆ ಗರಿ ಸವರಿದ ಸದ್ದು ಇಬ್ಬರಿಗೂ ಕೇಳಿಸಿತು. ಮಿಡತೆ ಮೇಲೆದ್ದಿತು.

“ಬದುಕಿದೀವಾ?” ಎಂದಳು ಶಬೀನಾ. ಅವಳ ಹಣೆ ಆಗಲೇ ಊದಿತ್ತು.

“ಬದುಕಿದೀವಿ. ವಾಪಸ್ ಹೋಗಣ.” ಆಶಾ ಎಡಕ್ಕೆ ತಿರುಗಿಸಲು ಎಡಗಾಲಿನ ಪೆಡಲ್ಲು ಒತ್ತಿದಳು. ಅದು ಅಲ್ಲಾಡಲಿಲ್ಲ. “ಅಯ್ಯೋ ಶಿವನೇ. ನಿನ್ನ ಪೆಡಲ್ಲು ನೋಡೇ. ನಿಂದೂ ನಂದೂ ಒಂದೇ ಸರಳಿಗೆ ಸೇರವೆ.”

ಶಬೀನಾ ಬಗ್ಗಿದಳು. ಅವಳ ಪೆಡಲ್ಲಿನ ಹಿಂದೆ, ಕಂಬಿಗೂ ಪೆಡಲ್ಲಿಗೂ ನಡುವೆ, ಒಂದು ದಪ್ಪ ಕಾಯಿ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತ್ತು. ಎಳೆದಳು. ಬರಲಿಲ್ಲ. ಒದ್ದಳು. ಇನ್ನೂ ಒಳಕ್ಕೆ ಹೋಯಿತು.

“ಬರಲ್ಲ ಕಣೇ!”

“ಒಡಿ!”

“ಏನ್ರಲ್ಲಿ ಒಡೀಲಿ? ತಲೇಲಾ?”

“ಜುಲ್ಫಿಕರಣ್ಣ ಸ್ಪ್ಯಾನರ್ ಮರ್ತಿರ್ತಾನೆ, ಸೀಟಿನ ಕೆಳಗೆ ಹುಡುಕು! ಅವ್ನು ಯಾವ ಗಾಡೀಲಿ ಮರ್ತಿಲ್ಲ ಹೇಳು!”

ಶಬೀನಾ ತಡಕಾಡಿದಳು. ಸ್ಪ್ಯಾನರ್ ಇತ್ತು! ಅಣ್ಣನ ಮರೆವಿಗೆ ಅವಳು ಜೀವಮಾನದಲ್ಲಿ ಮೊದಲ ಸಲ ಥ್ಯಾಂಕ್ಸ್ ಹೇಳಿದಳು. ತಲೆಕೆಳಗಾಗಿ ಬಗ್ಗಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಬೀಸಿ ಬೀಸಿ ಹೊಡೆದಳು. ಕಾಯಿ ಬಿರುಕು ಬಿಟ್ಟಿತು. ಎಳನೀರಿನಷ್ಟು ನೀರು ಮುಖಕ್ಕೆ ಚಿಮ್ಮಿತು. ಇನ್ನೊಂದು ಏಟಿಗೆ ಎರಡು ಹೋಳಾಯಿತು.

ಪೆಡಲ್ಲು ಸಡಿಲವಾಯಿತು. ಮಿಡತೆ ಎಡಕ್ಕೆ ವಾಲಿ ಕೆಂಕೆರೆಯ ಕಡೆ ಮುಖ ಮಾಡಿತು.

“ಉಳಿದಿದ್ದೆಲ್ಲಾ ಹೊರಕ್ಕೆ ಹಾಕು. ಇದ್ರೆ ಮತ್ತೆ ಉರುಳ್ತವೆ. ಕೆಳಗೆ ಜನ ಇದಾರಾ ನೋಡ್ಕೊಂಡು ಹಾಕೇ!”

ಬಾಗಿಲಿಲ್ಲದ ವಿಮಾನ, ಹಾಕುವುದೇನು ಕಷ್ಟವಿರಲಿಲ್ಲ. ಬರೀ ಹೊಲ ಕಂಡಾಗಲೆಲ್ಲ ಶಬೀನಾ ಎರಡು ಕೈಯಲ್ಲೂ ಬಿಸಾಡಿದಳು. ತನ್ನ ಹುರುಳಿ ಹೊಲದ ಬದುವಿನ ಜಾಲಿ ಮರದಡಿ ಬುತ್ತಿ ಬಿಚ್ಚುತ್ತಿದ್ದ ರೇವಣಸಿದ್ದಯ್ಯನಿಗೆ, ಒಂದೂ ತೆಂಗಿನ ಮರವಿಲ್ಲದ ಬಯಲಲ್ಲಿ, ಧಡ್ ಧಡ್ ಎಂದು ಕಾಯಿ ಬೀಳುವುದು ಕಂಡಿತು. ಅವನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಊರ ಕಡೆಗೆ ಓಡಿದ.

ಕೆರೆ ಅಂಗಳ ಕಂಡಿತು. ಇಬ್ಬರೂ ಉಸಿರು ಬಿಟ್ಟರು. ಆಶಾ ಇಳಿಸಲೆಂದು ವೇಗ ಕಡಿಮೆ ಮಾಡಿದಳು. ಮೂತಿ ತಗ್ಗಿತು. ಸ್ಟಿಕ್ಕು ಹೊಟ್ಟೆಗೆ ತಾಗುವಷ್ಟು ಎಳೆದರೂ ತಗ್ಗುತ್ತಲೇ ಹೋಯಿತು. ಹಿಂದೆ ಈಗ ಭಾರವೇ ಇರಲಿಲ್ಲ. ಹೀಗೇ ಇಳಿದರೆ ಮೂತಿ ನೆಲಕ್ಕೆ ಚುಚ್ಚಿ ವಿಮಾನ ಪಲ್ಟಿ ಹೊಡೆಯುವುದು ಖಂಡಿತ. ಅವಳು ಮತ್ತೆ ಎಂಜಿನ್ ಏರಿಸಿ ಕೆರೆಯನ್ನು ದಾಟಿಸಿದಳು. ಕೆಳಗೆ ಜುಲ್ಫಿಕರ್ ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದ. ಚಿಕ್ಕಗೌರಮ್ಮ ನೆಲದ ಮೇಲೆ ಕೂತುಬಿಟ್ಟಿದ್ದಳು.

“ಶಬೀನಾ, ಬೆಲ್ಟು ಬಿಚ್ಚು.”

“ಏನಂದೆ?”

“ನೀನೇ ಮೂಟೆ ಆಗ್ಬೇಕು. ಸೀಟಿನ ಮೇಲೆ ಬೋರಲು ಬಿದ್ದು ತಲೆ ಹಿಂದಕ್ಕೆ ಹಾಕು. ನಾನು ಸಾಕು ಅನ್ನೋವರ್ಗೂ ಮೆಲ್ಲಕ್ಕೆ ಹಿಂದಕ್ಕೆ ಜರುಗು. ಜಾಸ್ತಿ ಬ್ಯಾಡ.”

ಶಬೀನಾ ಅವಳ ಮುಖ ನೋಡಿದಳು. ಬೆಲ್ಟು ಬಿಚ್ಚಿದಳು.

“ಇನ್ನೊಂಚೂರು. ಇನ್ನೊಂಚೂರು. ಸಾಕು! ಹಾಗೇ ಇರು. ಉಸಿರು ಬೇಕಾದ್ರೆ ಬಿಡು, ಅಲ್ಲಾಡ್ಬ್ಯಾಡ.”

ಮೂತಿ ಎದ್ದಿತು. ಮಿಡತೆ ಸುತ್ತು ಹಾಕಿ ಮತ್ತೆ ಏರಿಯ ಕಡೆ ಬಂತು. ಶಬೀನಾಳಿಗೆ ನೆಲವೂ ಕಾಣದು, ಕೆರೆಯೂ ಕಾಣದು. ಕಣ್ಣೆದುರಿಗೆ ಇದ್ದದ್ದು ಬಾಲದೊಳಗಿನ ಕತ್ತಲೆ, ಕಂಬಿಗಳು, ತಾನೇ ಹೊಲಿದ ಹೊಲಿಗೆ. ಕಾಯಿ ಗುದ್ದಿದ ಕಡೆ ಬಟ್ಟೆ ಉಬ್ಬಿತ್ತು, ಆದರೆ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅವಳು ಅದನ್ನೇ ನೋಡುತ್ತಾ ಬಾಯಲ್ಲಿ ದುವಾ ಹೇಳಿಕೊಂಡಳು.

ಚಕ್ರ ನೆಲ ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಒಂದು ಕಾಲು ಸೊಟ್ಟಗಾಯಿತು. ಮಿಡತೆ ಪಕ್ಕಕ್ಕೆ ಎಳೆದಾಡಿ, ಅರ್ಧ ಸುತ್ತು ತಿರುಗಿ, ಧೂಳಿನ ನಡುವೆ ನಿಂತಿತು.

ಆಶಾ ಎಂಜಿನ್ ಆರಿಸಿದಳು. ಅವಳ ಕೈ ಸ್ಟಿಕ್ಕನ್ನು ಬಿಡಲು ಒಪ್ಪಲಿಲ್ಲ, ಇನ್ನೊಂದು ಕೈಯಿಂದ ಬೆರಳು ಬಿಡಿಸಿಕೊಂಡಳು. ಶಬೀನಾ ಹಿಂದು ಹಿಂದಾಗಿ ಇಳಿದು ನೆಲಕ್ಕೆ ಕೂತು ಅಳತೊಡಗಿದಳು, ನಡುನಡುವೆ ನಕ್ಕಳು.

ಜುಲ್ಫಿಕರ್ ಒಂದೇ ಕಾಲಿನ ಚಪ್ಪಲಿಯಲ್ಲಿ ಓಡಿ ಬಂದ. ತಂಗಿಯ ಹಣೆ ಮುಟ್ಟಿದ, ಆಶಾಳ ಭುಜ ಮುಟ್ಟಿದ. ಆಮೇಲೆ ಒಳಗೆ ಬಿದ್ದಿದ್ದ ಕಾಯಿ ಹೋಳು ಕಂಡಿತು. ಸೀಟಿನ ಹಿಂದೆ ಕೈ ಹಾಕಿ ಹರಿದ ಗೋಣಿಚೀಲ ಎಳೆದ. ಅವನ ಕುತ್ತಿಗೆಯ ನರ ಉಬ್ಬಿತು.

“ಮರಳೆಲ್ಲಿ? ನಾನು ಕಟ್ಟಿದ್ ಮರಳು ಬಿಚ್ಚಿದೋರ್ಯಾರು? ಯಾವ ಬೇವಕೂಫ್ ನನ್ಮಗ...”

“ನಾನು” ಎಂದಳು ಚಿಕ್ಕಗೌರಮ್ಮ.

ಜುಲ್ಫಿಕರ್ ಗೋಣಿಚೀಲ ಹಿಡಿದುಕೊಂಡೇ ಅವಳ ಕಡೆ ತಿರುಗಿದ.

“ಮಣ್ಣು ಕಣಪ್ಪ ಅದು. ಮಣ್ಣು ಹಾಕೋದು ಯಾವಾಗ ಅಂತ ನಿಂಗೆ ಗೊತ್ತಿಲ್ವಾ? ಹೆಣ್ಮಕ್ಳು ಮೊದಲ್ನೇ ಸಲ ಹೊಸ್ಲು ದಾಟ್ವಾಗ ಮಡ್ಲಿಗೆ ಕಾಯಿ ಹಾಕಿ ಕಳಿಸ್ತೀವಿ. ಇವು ಭೂಮೀನೇ ಬಿಟ್ಟು ಹೊರಟವೆ, ಮಣ್ಣು ಕೊಟ್ಟು ಹೆಂಗಪ್ಪ ಕಳಿಸ್ಲಿ? ನೀವು ಕಲ್ಲು ಆಯೋಕೆ ಹೋದಾಗ ನಿನ್ನ ಮೂಟೇನೂ ಕಾಯೀನೂ ಮನೆಯಿಂದ ತಂದಿದ್ದ ಕೊಬ್ರಿ ತಕ್ಕಡೀಲಿ ಸಮಕ್ಕೆ ಸಮ ತೂಗೇ ಹಾಕ್ದೆ. ಉರುಳ್ತವೆ ಅನ್ನೋದು ಹೊಳೀಲೇ ಇಲ್ವಲ್ಲಪ್ಪ.” ಅವಳ ದನಿ ಒಡೆಯಿತು. “ನನ್ನ ಕೈಯಾರೆ ಎರಡು ಮಕ್ಳನ್ನೂ ಸಾಯಿಸ್ತಿದ್ನಲ್ಲೋ!”

ಬೈಯಲು ಬಂದಿದ್ದ ಜುಲ್ಫಿಕರ್ ಗೋಣಿಚೀಲ ಮಡಿಸುತ್ತಾ ನಿಂತ. ಆಶಾ ಬಂದು ಅಮ್ಮನನ್ನು ತಬ್ಬಿಕೊಂಡಳು.

“ಅಮ್ಮ, ಅದು ಹಾರ್ತು ಕಣಮ್ಮ. ಚೆನ್ನಾಗಿ ಹಾರ್ತು.” ಮಿಡತೆಯ ಕಡೆ ಒಮ್ಮೆ ನೋಡಿ ಹೇಳಿದಳು. “ನಿನ್ನ ತಲೆ ಮೇಲೆ ಕೈ ಇಟ್ಟಿದೀನಿ. ಹೆಚ್ಚುಕಮ್ಮಿ ಆಯ್ತು. ಇನ್ನು ಮುಟ್ಟಲ್ಲ ಬುಡು.”

ಚಿಕ್ಕಗೌರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮಗಳ ಕೈ ಬಿಡಿಸಿಕೊಂಡು ಮಿಡತೆಯ ಹತ್ತಿರ ಹೋದಳು. ಬೆಳಿಗ್ಗೆ ಪೂಜೆ ಮುಗಿಸಿ ಪಕ್ಕಕ್ಕೆ ಸರಿದು ನಿಂತವಳು ಈಗ ಮತ್ತೆ ಒಳಕ್ಕೇ ತಲೆ ಹಾಕಿ ಸೀಟಿನ ಹಿಂದಿನ ಜಾಗವನ್ನು ಬಹಳ ಹೊತ್ತು ನೋಡಿದಳು, ಅಲ್ಲಿನ ಕಂಬಿ ಹಿಡಿದು ಅಲ್ಲಾಡಿಸಿದಳು.

“ಹೆಚ್ಚುಕಮ್ಮಿ ಆಗಿದ್ದು ನಿನ್ನಿಂದಲ್ಲ, ಗಾಡಿಯಿಂದಾನೂ ಅಲ್ಲ. ನನ್ನ ತಪ್ಪಿಗೆ ನೀನ್ಯಾಕೆ ಕೂತ್ಕಬೇಕು ಮನೇಲಿ?” ಎಂದಳು. “ಈ ಕಾಲು ರಿಪೇರಿ ಮಾಡ್ಸು. ಮುಂದ್ಲ ಸಲ ಮಣ್ಣೂ ಬ್ಯಾಡ, ಕಾಯೀನೂ ಬ್ಯಾಡ. ಇಲ್ಲಿ ನಾನೇ ಕೂತ್ಕತೀನಿ. ನಾನಾದ್ರೆ ಉರುಳಾಕಿಲ್ಲ.”

ಆ ದಿನ ಆಶಾಳ ಎದೆ ನಿಂತುಹೋದಂತಾದದ್ದು ಎಷ್ಟೋ ಸಲ. ಆದರೆ ಇಷ್ಟು ಗಾಬರಿ ಯಾವಾಗಲೂ ಆಗಿರಲಿಲ್ಲ. ಅವಳು ಅಮ್ಮನನ್ನು ಪಿಳಿಪಿಳಿ ನೋಡಿದಳು, ತಮಾಷೆಯ ಸುಳಿವೇ ಇರಲಿಲ್ಲ.

ಜುಲ್ಫಿಕರ್ ಚಿಕ್ಕಗೌರಮ್ಮನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ.

“ನೀವು ಮೂಟೆಗಿಂತ ಭಾರ ತಾಯಿ” ಎಂದ. “ಒಂಚೂರು ಮುಂದಕ್ಕೆ ಸೀಟು ಮಾಡ್ಬೇಕಾಯ್ತದೆ.”