ನೂರು ನೀರಿನ ತುಪ್ಪ

ಕಾಗೆ ತಾನೂ ಬೆಳ್ಳಗಾಗಬೇಕೆಂದು ದಿನಾ ಸೀಗೇಪುಡಿ ಹಚ್ಚಿಕೊಂಡು ಮೀಯುತ್ತಿದ್ದ ಕಾಲದಲ್ಲಿ, ಏಳು ಕೆರೆಗಳಾಚೆ ಮುಕುರಾವತಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಅರೆಗಲ್ಲ ಬೀದಿ ಎಂಬ ಒಂದು ಬೀದಿ. ಸ್ನಾನದ ಪುಡಿ, ಮುಖದ ಲೇಪ, ತಲೆಯ ಎಣ್ಣೆ ಮಾಡುವುದು ಆ ಬೀದಿಯವರ ಕಸುಬು. ಅವರಿಗೊಂದು ಕಟ್ಟಳೆ ಇತ್ತು. ಯಾವ ಲೇಪ ಮಾಡಿದರೂ ಮಾಡಿದವರೇ ಅದನ್ನು ಮೊದಲು ತಮ್ಮ ಮೊಣಕೈಯ ಒಳಮಡಿಕೆಗೆ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡು ಮೂರು ದಿನ ಕಾಯಬೇಕು. ಕೆಂಪಾಗಲಿಲ್ಲ, ಕಡಿತ ಬರಲಿಲ್ಲ ಎಂದ ಮೇಲೆಯೇ ಇನ್ನೊಬ್ಬರ ಮೈಗೆ. 'ಮಾಡಿದ ಕೈಗೆ ಮೊದಲು' ಎಂಬ ಮಾತನ್ನು ಆ ಬೀದಿಯ ಮಕ್ಕಳು ಅಮ್ಮ ಅಪ್ಪ ಅನ್ನುವುದರ ಜೊತೆಜೊತೆಗೇ ಕಲಿಯುತ್ತಿದ್ದರು.

ಆ ಬೀದಿಯಲ್ಲಿ ಜಕ್ಕಿ ಎಂಬ ಹುಡುಗಿ ತನ್ನ ಅಜ್ಜಿಯ ಜೊತೆ ಇದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅನ್ನ ಬೇಯುವ ಮೊದಲು ಮುಚ್ಚಳ ತೆಗೆಯುವಳು, ಬೀಜ ಬಿತ್ತಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಬಂತೇ ಎಂದು ನೋಡುವಳು. ಇಂಥವಳಿಗೆ ಮೂರು ದಿನ ಕಾಯುವ ಕಸುಬು! ದೇವರು ಹಲ್ಲಿಲ್ಲದವರಿಗೇ ಕಡಲೆ ಕೊಡುತ್ತಾನೆ ಎಂದು ಬೀದಿಯವರು ನಗುತ್ತಿದ್ದರು.

ಜಕ್ಕಿಯ ಅಕ್ಕ ನೀಲವ್ವ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿ ಎರಡು ತಿಂಗಳಾಗಿತ್ತು. ಬಸಿರಿನಲ್ಲಿ ಮೂಡಿದ ಬಂಗು ಅವಳ ಎರಡೂ ಕೆನ್ನೆಯ ಮೇಲೆ ಕಂದುಬಣ್ಣಕ್ಕೆ ಹಾಗೇ ಉಳಿದಿತ್ತು. ನಾಮಕರಣಕ್ಕೆ ನೆಂಟರು ಬರುವ ಮೊದಲು ಇದು ಹೋದರೆ ಸಾಕಪ್ಪ ಎಂದು ಅವಳ ಹಂಬಲ.

ಜಕ್ಕಿ ಬೇಲಿಯ ಯಾವುದೋ ಸೊಪ್ಪನ್ನು ನಿಂಬೆರಸದಲ್ಲಿ ಅರೆದು ತಂದಳು. ಕೈಗೆ ಹಚ್ಚಿ ನೋಡಿದೆಯಾ ಎಂದು ಅಕ್ಕ ಕೇಳಿದಳು.

"ಅಯ್ಯೋ, ಎಲ್ಲಾ ಗಿಡದ್ದೇ ತಾನೆ! ಗಿಡದ್ದು ಏನು ಮಾಡುತ್ತೆ?" ಎಂದು ಜಕ್ಕಿ ಹಚ್ಚಿಯೇಬಿಟ್ಟಳು.

ಬೆಳಗಾಗುವಷ್ಟರಲ್ಲಿ ನೀಲವ್ವನ ಮುಖ ಕೆಂಡದಂತೆ ಕೆಂಪಾಗಿ ಊದಿತು. ಬೇವು ತಿಂದವರಿಗೆ ಮಾತ್ರ ಕಹಿ, ಅರೆದವರಿಗೇನು ಎನ್ನುತ್ತಾರೆ. ಆದರೆ ಜಕ್ಕಿಗೆ ಅಂದು ಅರೆದವರಿಗೂ ಕಹಿ ಎಂಬುದು ತಿಳಿಯಿತು. ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅದೇ ಹೊತ್ತಿಗೆ ರಾಜಬೀದಿಯಲ್ಲಿ ಧವಳಾಂಗನೆಂಬ ಮಾಂತ್ರಿಕ ಚಂದ್ರಲೇಪ ಮಾರುತ್ತಿದ್ದ. ಅವನ ಮುಖದಲ್ಲಿ ಒಂದೂ ಗೆರೆಯಿರಲಿಲ್ಲ. ಎರಡು ಕೈಗೂ ಸದಾ ರೇಷ್ಮೆಯ ಗವಸು. ಲೇಪವನ್ನು ಬೆಳ್ಳಿಯ ಚಮಚದಲ್ಲೇ ಎತ್ತಿ ಕೊಡುವನು, ಬೆರಳು ತಾಗಿಸನು. ರಾಜ ಹಚ್ಚಿದ, ರಾಣಿ ಹಚ್ಚಿದಳು, ಮಂತ್ರಿ ಗಡ್ಡದ ಸಂದಿಯಲ್ಲೂ ಹಚ್ಚಿಕೊಂಡ. ಇದರಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ ಅವನು, "ಬೆಳದಿಂಗಳು ತಾಯೀ, ಬರೀ ಬೆಳದಿಂಗಳು" ಅನ್ನುತ್ತಿದ್ದ. ಕೇಳಿದವರು ಅಷ್ಟಕ್ಕೇ ತೃಪ್ತರು.

ಉರಿ ತಾಳಲಾರದೆ, ನಾಚಿಕೆಯೂ ತಾಳಲಾರದೆ, ನೀಲವ್ವ ಒಂದು ಭರಣಿ ತರಿಸಿಕೊಂಡಳು. ಮೊದಲ ದಿನ ಉರಿ ಹೋಯಿತು. ಎರಡನೇ ದಿನ ಬಂಗು ಹೋಗಿ ಮುಖ ಪಿಂಗಾಣಿಯ ಹಾಗೆ ಹೊಳೆಯಿತು. ಮೂರನೇ ದಿನ ನಗಲು ಹೋದಳು, ನಗು ಬರಲಿಲ್ಲ. ಅಳಲು ಹೋದಳು, ಅಳುವೂ ಬರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಹಾಲೂಡಿಸಲು ಎತ್ತಿಕೊಂಡರೆ ಮಗು ಆ ಮುಖ ನೋಡಿತು, ಮೂಸಿತು, ಆಚೆ ತಿರುಗಿ ಚೀರಿತು. ಎಷ್ಟು ರಮಿಸಿದರೂ ಎದೆಗೆ ಬಾಯಿ ಹಾಕಲಿಲ್ಲ. ಅಜ್ಜಿ ಹಸುವಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ತುಟಿಗೆ ಇಟ್ಟಳು. ಅದು ಎಷ್ಟು ದಿನದ ಮಾತು?

ಅಜ್ಜಿ ನೀಲವ್ವನ ಕೆನ್ನೆಯನ್ನು ಉಗುರಿನಿಂದ ತಟ್ಟಿದಳು. ಟಣ್ ಎಂದಿತು.

"ಇವತ್ತಿಗೆ ಮೂರು ದಿನ. ಊರವರದು ಮೇಲ್ಮೇಲೇ ನಿಂತಿದೆ, ಇವಳದು ಉರಿದ ಚರ್ಮದೊಳಕ್ಕೆ ಇಳಿದಿದೆ. ಒಂಬತ್ತನೇ ದಿನ ಹೊತ್ತು ಮುಳುಗಿದರೆ ಇದು ಕಲ್ಲಾಗುತ್ತೆ. ಆಮೇಲೆ ಬ್ರಹ್ಮ ಬಂದರೂ ಆಗಲ್ಲ," ಅಂದಳು ಅಜ್ಜಿ. "ಮದ್ದು ಇದೆ. ಕನ್ನಡಿಕೆರೆಯ ಗೋಡುಮಣ್ಣು, ಕರಡಿಗುಡ್ಡದ ಕಸ್ತೂರಿ ಅರಿಶಿನ, ಮತ್ತೆ ನೂರು ನೀರಿನಲ್ಲಿ ತೊಳೆದ ತುಪ್ಪ. ನನ್ನ ಮಂಡಿ ಹೋಗಿದೆ. ಹೋಗೋಳು ನೀನೇ."

ಅಜ್ಜಿ ಮಾತು ಮುಗಿಸುವಷ್ಟರಲ್ಲಿ ಜಕ್ಕಿ ಬೀದಿಯ ತಿರುವು ದಾಟಿದ್ದಳು.

ನಾಲ್ಕನೇ ದಿನ ಕನ್ನಡಿಕೆರೆ. ಅದರ ನೀರಿನಲ್ಲಿ ಇಣುಕಿದವರಿಗೆ ತಾವು ಹೇಗಿರಬೇಕೆಂದು ಬಯಸಿದ್ದರೋ ಹಾಗೇ ಕಾಣುತ್ತಿತ್ತು. ನೋಡುತ್ತ ನಿಂತವರನ್ನು ಒಂದು ಮುದಿ ಮೊಸಳೆ ಮೆಲ್ಲಗೆ ಬಂದು ನುಂಗುತ್ತಿತ್ತು. ಜಕ್ಕಿ ಓಡುತ್ತ ಬಂದವಳು ಸೀರೆ ಎತ್ತಿಕಟ್ಟಿ ದುಡುಂ ಎಂದು ಇಳಿದಳು, ಎರಡು ಬೊಗಸೆ ಗೋಡು ತೋಡಿದಳು, ಬುಟ್ಟಿಗೆ ಹಾಕಿಕೊಂಡು ಏರಿದಳು. ಮೊಸಳೆ ಇನ್ನೂ ಬಾಯಿ ತೆರೆಯುತ್ತಿತ್ತು.

"ನಿಲ್ಲೇ! ನಿನ್ನ ಮುಖಾನೇ ನೀನು ನೋಡ್ಕೊಳ್ಳಲಿಲ್ಲವಲ್ಲ!" ಎಂದಿತು ಮೊಸಳೆ.

"ನನಗೆಲ್ಲಿದೆ ಪುರುಸೊತ್ತು? ನೀನೇ ನೋಡ್ಕೋ ಮಾವ," ಎಂದು ಜಕ್ಕಿ ಓಡಿದಳು.

ಮೊಸಳೆ ಬಗ್ಗಿ ನೋಡಿಕೊಂಡಿತು. ಚಂದದ ಮೊಸಳೆಯೊಂದು ಕಂಡಿತು. ನೋಡುತ್ತ ನೋಡುತ್ತ ಅದು ಇವತ್ತಿಗೂ ಅಲ್ಲೇ ಇದೆಯಂತೆ.

ಐದನೇ ದಿನ ಕರಡಿಗುಡ್ಡ. ಅಲ್ಲಿ ಮಾತಾಡುವ ಕರಡಿಯೊಂದು ಮೂರು ರಾಶಿ ಅರಿಶಿನ ಹಾಕಿಕೊಂಡು ಕೂತಿತ್ತು. ಒಂದು ರಾಶಿ ಕಣ್ಣು ಕುಕ್ಕುವ ಹಳದಿ. ಇನ್ನೊಂದು ಎಣ್ಣೆ ಸವರಿದ ಹಾಗೆ ನುಣುಪು. ಮೂರನೆಯದು ಮಣ್ಣು ಮೆತ್ತಿದ, ಬಣ್ಣಗೆಟ್ಟ ಗೆಡ್ಡೆಗಳು.

"ಸರಿಯಾದ್ದು ಆರಿಸಿದರೆ ಒಯ್ಯಿ. ತಪ್ಪಿದರೆ ನನಗೆ ಇವತ್ತಿನ ಊಟವಾಯಿತು," ಎಂದಿತು ಕರಡಿ.

ಜಕ್ಕಿಯ ಕೈ ಹಳದಿ ರಾಶಿಗೆ ಆಗಲೇ ಚಾಚಿತ್ತು. ಅಷ್ಟರಲ್ಲಿ ಅಕ್ಕನ ಊದಿದ ಮುಖ ನೆನಪಾಗಿ ಕೈ ಹಿಂದೆ ಬಂತು. ಅವಳು ಹಳದಿ ಗೆಡ್ಡೆಯೊಂದನ್ನು ನೀರಿಗೆ ಹಾಕಿದಳು. ಬಣ್ಣವೆಲ್ಲ ಒಂದೇ ಸಲ ಬಿಟ್ಟಿತು. ನುಣುಪಿನದನ್ನು ಮುರಿದಳು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಮಣ್ಣು ಮೆತ್ತಿದ್ದನ್ನು ಮುರಿದರೆ ಕರ್ಪೂರದ ಪರಿಮಳ ಗುಡ್ಡದ ತುಂಬ ಹರಡಿತು.

"ಇದೇ," ಅಂದಳು.

"ಇಷ್ಟು ವರ್ಷದಲ್ಲಿ ಮೂಗು ಇರೋಳು ನೀನೊಬ್ಬಳೇ ಬಂದಿದ್ದು," ಎಂದು ಕರಡಿ ಬೇಸರದಿಂದ ದಾರಿ ಬಿಟ್ಟಿತು.

ಆರನೇ ದಿನ ಬೆಳಗ್ಗೆ ಮನೆಗೆ ಮರಳಿ, ತಾಮ್ರದ ತಟ್ಟೆಯಲ್ಲಿ ತುಪ್ಪ ಹಾಕಿಕೊಂಡು ಜಕ್ಕಿ ಹಿತ್ತಲ ಬಾವಿಯ ಕಟ್ಟೆಯ ಬಳಿ ಕೂತಳು. ನೀರು ಹಾಕಬೇಕು, ಅಂಗೈಯಿಂದ ತಿಕ್ಕಬೇಕು, ನೀರು ಚೆಲ್ಲಬೇಕು. ಅದು ಒಂದು ನೀರು. ಹೀಗೆ ನೂರು. ತೊಂಬತ್ತೊಂಬತ್ತಾದರೆ ಅದು ಬರೀ ತುಪ್ಪ, ನೂರಾದರೆ ಮದ್ದು.

ನಲವತ್ತು ನೀರಾಗುವಷ್ಟರಲ್ಲಿ ಧವಳಾಂಗ ಸಾಕಿದ ಬಿಳಿ ಗೊರವಂಕ ಹಕ್ಕಿ ಬಂದು ಕಟ್ಟೆಯ ಮೇಲೆ ಕೂತಿತು. ಜಕ್ಕಿ ನಲವತ್ತೊಂದು ಅಂದರೆ ಅದು ಐವತ್ತಾರು ಅನ್ನುವುದು. ಇವಳು ನಲವತ್ತೆರಡು ಅಂದರೆ ಅದು ಹದಿನೇಳು. ಜಕ್ಕಿಗೆ ಲೆಕ್ಕ ತಪ್ಪಿತು. ಸುಮಾರಾಗಿ ಅಷ್ಟಾಗಿರಬಹುದು, ಮುಂದೆ ಹೋಗೋಣ ಎಂದು ಮನಸ್ಸು ಎಳೆಯಿತು. ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಒಳಗೆ ಮಗು ಹಸಿದು ಅಳುತ್ತಿತ್ತು. ಅವಳು ಹಲ್ಲು ಕಚ್ಚಿ ಆ ತುಪ್ಪ ಬದಿಗಿಟ್ಟು ಬೇರೆ ತುಪ್ಪ ತಂದಳು. ಅಜ್ಜಿಯ ಡಬ್ಬಿಯಿಂದ ನೂರು ಹುಣಿಸೆಬೀಜ ಎಣಿಸಿ ಮಡಿಲಿಗೆ ಹಾಕಿಕೊಂಡಳು. ಒಂದು ನೀರಿಗೆ ಒಂದು ಬೀಜ ಕೆಳಗಿಟ್ಟಳು. ಬಾಯಿ ಬಿಡಲಿಲ್ಲ. ಗೊರವಂಕ ಕಿರುಚಿ ಕಿರುಚಿ ಗಂಟಲು ಕಟ್ಟಿ ಹಾರಿಹೋಯಿತು. ಕೊನೆಯ ಬೀಜ ಇಟ್ಟಾಗ ತುಪ್ಪ ಬೆಣ್ಣೆಗಿಂತ ಬೆಳ್ಳಗೆ, ಮೃದುವಾಗಿ ಮೇಲೆದ್ದಿತ್ತು. ಗೋಡು, ಅರಿಶಿನ ಸೇರಿಸಿ ಕಲಸಿದಳು. ಹೊತ್ತು ಮುಳುಗಲು ಇನ್ನು ಒಂದು ಗಳಿಗೆ ಇತ್ತು.

ಜಕ್ಕಿ ಲೇಪವನ್ನು ತನ್ನ ಮೊಣಕೈಗೆ ಹಚ್ಚಿಕೊಂಡಳು. ಒಂಬತ್ತನೇ ದಿನ ಇದೇ ಹೊತ್ತಿಗೆ ಮೂರು ದಿನ ತುಂಬುತ್ತದೆ. ಆಮೇಲೆ ಉಳಿಯುವುದು ಒಂದೇ ಗಳಿಗೆ.

ಏಳನೇ ದಿನ ಅವಳು ಅಂಗಳವನ್ನು ಒಂಬತ್ತು ಸಲ ಗುಡಿಸಿದಳು. "ಎಂಥಾ ಕಲ್ಲುಮನಸ್ಸೇ ನಿನ್ನದು! ಹಚ್ಚಿಬಿಡೇ, ಕೂಸು ಒಣಗಿಹೋಗ್ತಿದೆ," ಎಂದು ಪಕ್ಕದ ಮನೆಯವರು ಬೈದರು. ಎಂಟನೇ ದಿನ ಅವಳ ಮೊಣಕೈ ತುರಿಸಿತು. ನೋಡಿದರೆ ಕೆಂಪಗೆ ಒಂದು ಗಂಧೆ. "ಅಜ್ಜೀ, ಇದೂ ಕೆಟ್ಟಿತು!" ಎಂದು ಕೂಗಿದಳು. ಅಜ್ಜಿ ಅವಳ ಕೈಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಲೇ ಪೆದ್ದೀ, ಇದು ಸೊಳ್ಳೆ," ಅಂದಳು. ಸಂಜೆಗೆ ಗಂಧೆ ಇಳಿಯಿತು.

ಒಂಬತ್ತನೇ ದಿನ ಮಧ್ಯಾಹ್ನ ನೀಲವ್ವನೇ ಬಂದು ಎದುರು ಕೂತಳು. ಮುಖದಲ್ಲಿ ಏನೂ ಇರಲಿಲ್ಲ. ದನಿಯಲ್ಲಿ ಎಲ್ಲವೂ ಇತ್ತು.

"ಹಚ್ಚಿಬಿಡು ಜಕ್ಕಿ. ನನ್ನ ಮಗಳಿಗೆ ಅಳೋಕೂ ಶಕ್ತಿ ಇಲ್ಲ."

ಲೇಪದ ತಟ್ಟೆ ಜಕ್ಕಿಯ ಕೈಗೆಟುಕುವಷ್ಟು ಹತ್ತಿರವಿತ್ತು.

"ಆಗಲ್ಲ ಅಕ್ಕ. ಒಂದ್ಸಲ ನಿನ್ನ ಮುಖಕ್ಕೆ ನನ್ನ ಅವಸರಾನ ಹಚ್ಚಿದೀನಿ. ಇನ್ನೊಂದ್ಸಲ ಹಚ್ಚಲ್ಲ," ಎಂದು ಹೇಳಿ, ತನ್ನ ಎರಡು ಕಾಲನ್ನೂ ತಾನೇ ಬಿಗಿಯಾಗಿ ಹಿಡಿದುಕೊಂಡು ಕೂತಳು.

ಸೂರ್ಯ ತೆಂಗಿನ ತಲೆಗಿಳಿದಾಗ ಧವಳಾಂಗನೇ ಬಾಗಿಲಿಗೆ ಬಂದ. ಮುನ್ನೂರು ವರ್ಷದಿಂದ ಜನರ ನಗು ಅಳುಗಳನ್ನು ಲೇಪದಿಂದ ಹೀರಿಕೊಂಡು ಬದುಕಿದ್ದವನು ಅವನು. ಒಂದು ಮುಖ ಅವನ ಕೈತಪ್ಪಿದರೆ ನಾಳೆ ಊರೇ ತಪ್ಪುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಕೆಸರು ಬಳಿಯೋಕೆ ಹೊರಟಿದ್ದೀರಾ?" ಎಂದು ತಟ್ಟೆಗೆ ಕೈಹಾಕಿದ. ನೂರು ನೀರಿನ ತುಪ್ಪ ಮೆತ್ತಿದ ತಟ್ಟೆ ರೇಷ್ಮೆಯ ಗವಸಿನಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಸಿಟ್ಟಿನಲ್ಲಿ ಗವಸು ಕಿತ್ತೆಸೆದು ಬರಿಗೈ ಚಾಚಿದ.

ಆ ಬರಿಗೈಯನ್ನು ನೀಲವ್ವ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಅರ್ಧ ಉಳಿದ ಚಂದ್ರಲೇಪದ ಭರಣಿ ಇತ್ತು.

"ಸ್ವಾಮಿ, ನಮ್ಮ ಬೀದಿಗೆ ಬಂದಿದ್ದೀರಿ. ಇಲ್ಲಿ ಮಾಡಿದ ಕೈಗೆ ಮೊದಲು," ಎಂದು ಬೆರಳಿಂದ ಮೊಣಕೈವರೆಗೂ ಬಳಿದುಬಿಟ್ಟಳು.

ಧವಳಾಂಗ ಕಿರುಚಿದ. ಕೈ ಪಿಂಗಾಣಿಯಾಯಿತು, ತೋಳು ಪಿಂಗಾಣಿಯಾಯಿತು, ಗೆರೆಯಿಲ್ಲದ ಆ ಮುಖವೂ ಪಿಂಗಾಣಿಯಾಗಿ ಫಳಾರೆಂದು ಒಡೆಯಿತು. ಒಳಗಿಂದ ಊರ ನಗು, ಊರ ಅಳು ಗುಬ್ಬಚ್ಚಿಗಳಾಗಿ ಹೊರಬಿದ್ದು ತಮ್ಮ ತಮ್ಮ ಮನೆಗೆ ಹಾರಿದವು. ಅರಮನೆಯಲ್ಲಿ ರಾಜ ನಗುವಾಗ ಕಣ್ಣಂಚಿನಲ್ಲಿ ಸುಕ್ಕು ಮೂಡಿತು. ಅದನ್ನು ನೋಡಿ ರಾಣಿ ಅತ್ತಳು, ಎಷ್ಟೋ ದಿನದ ಮೇಲೆ.

ಒಂದು ಗುಬ್ಬಚ್ಚಿ ಮಾತ್ರ ಜಕ್ಕಿಯ ಮನೆಯ ತೊಲೆಗೆ ಸುತ್ತು ಹಾಕುತ್ತಿತ್ತು. ಅದು ನೀಲವ್ವನ ನಗು. ಕಲ್ಲಾಗುತ್ತಿದ್ದ ಮುಖದಲ್ಲಿ ಅದಕ್ಕೆ ಹೊಗಲು ದಾರಿಯಿರಲಿಲ್ಲ.

ಜಕ್ಕಿ ಮೊಣಕೈಯ ಮಡಿಕೆ ಬಿಡಿಸಿ ನೋಡಿದಳು. ಮೂರು ದಿನ ತುಂಬಿತ್ತು. ಚರ್ಮ ತಣ್ಣಗೆ, ತನ್ನ ಬಣ್ಣದಲ್ಲೇ ಇತ್ತು. ಅವಳು ಅಕ್ಕನ ಮುಖಕ್ಕೆ ಲೇಪ ಹಚ್ಚಿದಳು. ಈ ಸಲ ಅವಸರ ಮಾಡಲಿಲ್ಲ. ಹಣೆಗೆ, ಕೆನ್ನೆಗೆ, ಗಲ್ಲಕ್ಕೆ, ಒಂದೊಂದು ಬೆರಳಗಲಕ್ಕೂ. ಒಣಗಿದ ಮೇಲೆ ಉಗುರುಬೆಚ್ಚಗಿನ ನೀರಿನಿಂದ ತೊಳೆದಳು. ಆ ಹೊಳಪೆಲ್ಲ ಈರುಳ್ಳಿ ಸಿಪ್ಪೆಯ ಹಾಗೆ ಸುಲಿದುಬಂತು. ಕೆಳಗೆ ನೀಲವ್ವನ ಮುಖವಿತ್ತು. ಎರಡು ಕೆನ್ನೆಯ ಮೇಲೂ ಕಂದುಬಣ್ಣದ ಬಂಗು ಇತ್ತು. ಗುಬ್ಬಚ್ಚಿ ಇಳಿದು ಬಂದು ಆ ಮುಖದೊಳಗೆ ಕಾಣೆಯಾಯಿತು, ಮತ್ತು ಸೂರ್ಯ ಮುಳುಗಿದ.

ಅಜ್ಜಿ ಮಗುವನ್ನು ತಂದು ಮಡಿಲಿಗೆ ಹಾಕಿದಳು. ಮಗು ನೋಡಿತು. ಮೂಸಿತು. ಆಮೇಲೆ ಅದು ಅಮ್ಮನ ಬಂಗಿನ ಕೆನ್ನೆಯನ್ನು ಪುಟ್ಟ ಅಂಗೈಯಿಂದ ಒಮ್ಮೆ ತಡವಿ, ಎದೆಗೆ ಬಾಯಿ ಹಾಕಿ ಗುಟುಕು ಗುಟುಕಾಗಿ ಹಾಲು ಕುಡಿಯಿತು. ನೀಲವ್ವ ನಕ್ಕಳು, ನಗುನಗುತ್ತಲೇ ಅತ್ತಳು. ಹುಟ್ಟಿದಾಗಿನಿಂದ ಒಂದು ಕಡೆ ಕೂರದ ಜಕ್ಕಿ, ಮಗು ಕುಡಿದು ಮಲಗುವವರೆಗೂ ಅಕ್ಕನ ಪಕ್ಕದಿಂದ ಅಲುಗಾಡಲಿಲ್ಲ.

ಅಂದಿನಿಂದ ಮುಕುರಾವತಿಯಲ್ಲಿ ಯಾರೇ ಲೇಪ ಮಾರಲು ಬಂದರೂ ಜನ ಮೊದಲು ಮೊಣಕೈ ತೋರಿಸು ಅನ್ನುತ್ತಾರೆ. ಎಲ್ಲರೂ ನಕ್ಕು, ಅತ್ತು, ಮುಖದ ತುಂಬ ಸುಕ್ಕು ಮಾಡಿಕೊಂಡು ಸುಖವಾಗಿದ್ದರು. ಕಾಗೆಯೂ ಸೀಗೇಪುಡಿ ಬಿಟ್ಟು ಕಪ್ಪಗೇ ಸುಖವಾಗಿತ್ತು.