ಭಾವನ ಹಗ್ಗ

ಕಡಲಿಗೆ ಇನ್ನೂ ಇಷ್ಟೊಂದು ಉಪ್ಪು ಸೇರಿರದ ಕಾಲದಲ್ಲಿ ಶಂಖಪುರ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ದಯಾಳು. ಪ್ರಜೆಗಳಿಗೆ ಮನೆ ಕಟ್ಟಿಸಿಕೊಡಲು ಆಗದಿದ್ದರೂ ಮೀನುಗಳಿಗಾದರೂ ಒಂದಿರಲಿ ಎಂದು ತನ್ನ ಹಳೆಯ ಹಡಗನ್ನು ಕಡಲಲ್ಲಿ ಮುಳುಗಿಸಿದ. ಹಡಗಿನ ಮೈಗೆ ಚಿಪ್ಪು ಹತ್ತಿತು, ಹವಳ ಬೆಳೆಯಿತು, ಮೀನುಗಳು ಹಿಂಡುಹಿಂಡಾಗಿ ಬಂದು ಸಂಸಾರ ಹೂಡಿದವು. ಊರು ಹೊಟ್ಟೆ ತುಂಬ ಉಂಡಿತು.

ಒಳ್ಳೆಯ ಮನೆಗೆ ಬೇಡದ ಒಕ್ಕಲೂ ಬರುತ್ತದೆ. ಪಾಚಿಗಡ್ಡನೆಂಬ ಮಾಂತ್ರಿಕ ಹಡಗು ಹೊಕ್ಕು, ಮೀನುಗಳನ್ನೆಲ್ಲ ಒಳಗೆ ಕೂಡಿ ಬಾಗಿಲು ಜಡಿದ. ಅವನ ಜೀವ ಒಳಕೋಣೆಯ ಕರಿಶಂಖದಲ್ಲಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಅವನು ಆ ಶಂಖದ ಪಕ್ಕದಿಂದ ಏಳುವುದಿಲ್ಲ ಎಂಬುದೂ ಗೊತ್ತಿತ್ತು. ಬಲೆಗಳು ಬರಿದಾದವು. ರಾಜ ಸಭೆ ಕರೆದ ದಿನವೇ ಸೇನಾಪತಿಗೆ ನೆಗಡಿಯಾಯಿತು.

ಕೆಳಗಿಳಿಯಲು ಒಪ್ಪಿದವನು ಮುಳುಗುಗಾರ ಹೊನ್ನಪ್ಪ. ದೋಣಿಯಲ್ಲಿ ಕೂತು ಅವನ ಸೊಂಟದ ಹಗ್ಗ ಹಿಡಿಯಬೇಕಾದವನು ಅವನ ಹೆಂಡತಿಯ ತಮ್ಮ ದುಗ್ಗ.

ಆ ರಾಜ್ಯದ ಪದ್ಧತಿಯೇ ಹಾಗೆ. ಮುಳುಗುವವನು ಒಡಹುಟ್ಟಿದವನ ಕೈಗೆ ಹಗ್ಗ ಕೊಡುವುದಿಲ್ಲ. ಅವನಿಗೆ ಆಸ್ತಿಯಲ್ಲಿ ಪಾಲಿರುತ್ತದೆ. ಹೆಂಡತಿಯ ತಮ್ಮನಾದರೆ ಭಯವಿಲ್ಲ. ಭಾವ ಮುಳುಗಿದರೆ ಅಕ್ಕ ಮಕ್ಕಳ ಸಮೇತ ಅವನ ಮನೆಗೇ ಬರುತ್ತಾಳೆ.

ದುಗ್ಗನ ಅಕ್ಕ ನಾಗು ದಡದವರೆಗೂ ಬಂದಳು. “ತಮ್ಮಾ, ಹೇಗೆ ಕರೆದುಕೊಂಡು ಹೋಗ್ತಿದ್ದೀಯೋ ಹಾಗೇ ತಂದು ಒಪ್ಪಿಸು” ಎಂದಳು. ಮುಂದೆ ಏನೂ ಹೇಳಲಿಲ್ಲ. ಹೇಳಿದ್ದರೆ ದುಗ್ಗನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಹಿಂದೆಲ್ಲ ಭಾವ ಮುಳುಗಿದೊಡನೆ ದುಗ್ಗ ದೋಣಿಯಲ್ಲಿ ಕೂತು ತಾನೂ ಉಸಿರು ಬಿಗಿಹಿಡಿಯುತ್ತಿದ್ದ. ತನ್ನ ಎದೆ ಉರಿದಾಗ ಎಳೆಯುತ್ತಿದ್ದ. ಎದ್ದ ಹೊನ್ನಪ್ಪ ಮೊದಲು ಬೈಯುತ್ತಿದ್ದ, ಆಮೇಲೆ ಉಸಿರಾಡುತ್ತಿದ್ದ. ಬೇಗ ಎಳೆದರೆ ಬೇಗವಾಯಿತೆಂದು, ತಡವಾದರೆ ತಡವಾಯಿತೆಂದು.

ಈ ಸಲ ಊರಿನ ಮುದುಕಿಯೊಬ್ಬಳು ಮಂತ್ರಿಸಿಕೊಟ್ಟ ತೊಗಲಿನ ಗಾಳಿಚೀಲವಿತ್ತು. ಅದರಲ್ಲಿ ಒಂದು ಗಳಿಗೆಯ ಉಸಿರು. ದುಗ್ಗನ ಮುಂದೆ ನೀರಿನ ಕೊಡ, ಕೊಡದಲ್ಲಿ ತೇಲುವ ಸಣ್ಣ ತೂತಿನ ಗಳಿಗೆ ಬಟ್ಟಲು. ಬಟ್ಟಲು ತುಂಬಿ ಮುಳುಗಿದರೆ ಚೀಲ ಬರಿದಾಯಿತೆಂದೇ ಲೆಕ್ಕ.

“ಬಾಗಿಲ ಸಂದಿಯಲ್ಲಿ ಅಡಗಿರ್ತೇನೆ. ಅವನು ಎದ್ದರೆ ಶಂಖ ಒಡೆದು ಹಗ್ಗ ಜಗ್ತೇನೆ” ಎಂದ ಹೊನ್ನಪ್ಪ.

“ಏಳದಿದ್ದರೆ ಭಾವ?”

“ಅಪಶಕುನದ ಬಾಯಿ. ಹಗ್ಗ ಬಿಡಬೇಡ. ಹಗ್ಗದ ತುದಿಯಲ್ಲಿ ಕೈಯಿರುವವರೆಗೆ ನನ್ನ ಮೇಲೆ ಮಾಯೆ ನಡೆಯೋದಿಲ್ಲ.” ಹೊನ್ನಪ್ಪ ಮುಳುಗಿದ.

ಮಾಂತ್ರಿಕನಿಗೂ ಈ ನಿಯಮ ಗೊತ್ತಿತ್ತು. ಅವನು ಕೂತಲ್ಲಿಂದಲೇ ಮಂತ್ರ ಹಾಕಿದ. ದುಗ್ಗನ ಕೈಯಲ್ಲಿದ್ದ ಹಗ್ಗ ಹಾವಾಗಿ ಬುಸುಗುಟ್ಟಿತು. ದುಗ್ಗ ಕಣ್ಣು ಮುಚ್ಚಿ ಹಾವನ್ನೂ ಅಕ್ಕನನ್ನೂ ತೂಗಿ ನೋಡಿದ. ಹಾವನ್ನು ಬಿಡಲಿಲ್ಲ. ಅದು ಮತ್ತೆ ಹಗ್ಗವಾಯಿತು.

ಬಟ್ಟಲು ಅರ್ಧ ತುಂಬಿತು. ಮಾಂತ್ರಿಕ ಕಳಿಸಿದ ಬಂಗಾರದ ಹಂಸವೊಂದು ದೋಣಿಯ ಮೂತಿಯ ಮೇಲೆ ಇಳಿಯಿತು. “ಹಗ್ಗ ಬಿಡು, ಸಿಂಹಾಸನ ಹಿಡಿ” ಎಂದಿತು. ಸಿಂಹಾಸನ ಬೇಡವೆನ್ನುವಷ್ಟು ದೊಡ್ಡ ಮನುಷ್ಯ ದುಗ್ಗನಲ್ಲ. ಆದರೆ ಎರಡೂ ಕೈ ಹಗ್ಗದಲ್ಲಿದ್ದವು. ಹಂಸ ಹಾರಿಹೋಯಿತು.

ಬಟ್ಟಲಿನ ಅಂಚು ನೀರಿಗಿಂತ ಬೆರಳಷ್ಟೇ ಮೇಲಿತ್ತು. ಆಗ ದೋಣಿಯ ಪಕ್ಕದಲ್ಲೇ ಹೊನ್ನಪ್ಪ ತಲೆ ಎತ್ತಿದ.

“ಕೆಲಸ ಆಯ್ತು, ಇನ್ನು ಹಗ್ಗ ಬಿಡು.”

ದುಗ್ಗನ ಕಣ್ಣು ತುಂಬಿತು. ಬೆರಳು ಸಡಿಲಾದವು.

“ನಿನ್ನಂಥ ಹಗ್ಗದವನು ಏಳು ಕಡಲಲ್ಲಿ ಇಲ್ಲ ದುಗ್ಗ. ನಿನ್ನಿಂದಲೇ ಬದುಕಿ ಬಂದೆ.”

ಬೆರಳು ಮತ್ತೆ ಬಿಗಿದವು. ಭಾವ ಹೊಗಳಿದ್ದ. ಇವನು ಭಾವನಲ್ಲ. ಹಾಗಾದರೆ ಮಾಂತ್ರಿಕನೇ ಎದ್ದು ಇಲ್ಲಿಗೆ ಬಂದಿದ್ದಾನೆ, ಕೆಳಗೆ ಶಂಖ ಒಂಟಿಯಾಗಿದೆ. ಇವನು ಈಗಲೇ ಕೆಳಗಿಳಿದರೆ ಎಲ್ಲವೂ ಕೆಟ್ಟಿತು.

ದುಗ್ಗ ಗಂಟಲು ಸರಿಮಾಡಿಕೊಂಡ. “ಭಾವ, ನೀವು ಯಾವತ್ತೂ ಹೊಗಳಿದವರಲ್ಲ. ಇನ್ನೊಂದಿಷ್ಟು ಹೇಳಿ.”

ಮಾಂತ್ರಿಕ ಉತ್ಸಾಹದಿಂದ ಶುರುಮಾಡಿದ. ದುಗ್ಗನ ತೋಳು, ಬುದ್ಧಿ, ವಂಶ, ಒಂದನ್ನೂ ಬಿಡಲಿಲ್ಲ. ದುಗ್ಗ ಬಟ್ಟಲನ್ನೇ ನೋಡುತ್ತಿದ್ದ.

ಬಟ್ಟಲು ಬುಳಕ್ಕೆಂದು ಮುಳುಗಿತು. ಹಗ್ಗ ಅಲುಗಲಿಲ್ಲ.

ಇನ್ನು ಭಾವನಿಗೆ ಉಳಿದದ್ದು ಎದೆಯೊಳಗಿನ ಉಸಿರೊಂದೇ. ದುಗ್ಗನಿಗೆ ಹಳೆಯ ಪದ್ಧತಿಯ ಹೊರತು ಬೇರೆ ತೋಚಲಿಲ್ಲ. ತಾನೂ ಉಸಿರು ಬಿಗಿಹಿಡಿದ. ಮಾಂತ್ರಿಕ ಅವನ ಮುತ್ತಜ್ಜನನ್ನು ಹೊಗಳುತ್ತಿದ್ದ. ದುಗ್ಗನ ಕಿವಿ ಗುಂಯ್ಗುಟ್ಟಿತು. ಎದೆ ಉರಿಯಿತು. ಎಳೆದರೆ ಶಂಖ ಉಳಿಯುತ್ತದೆ, ಎಳೆಯದಿದ್ದರೆ ಅಕ್ಕ ದಡದಲ್ಲಿದ್ದಾಳೆ. ಎಳೆಯಲು ತೋಳು ಎತ್ತಿದ.

“ಅಂಥ ವಂಶದಲ್ಲಿ ಹುಟ್ಟಿದ ನೀನು—” ಎಂದ ಮಾಂತ್ರಿಕ ಅಷ್ಟಕ್ಕೇ ನಿಂತ. ಅವನ ಮೂಗು ನೊರೆಯಾಯಿತು, ಆಮೇಲೆ ಮುಖ, ಆಮೇಲೆ ಎಲ್ಲ. ಅಲೆಯೊಂದು ಬಂದು ನೊರೆಯನ್ನು ಒಯ್ದಿತು. ಹಗ್ಗ ಜಗ್ಗಿತು.

ದುಗ್ಗ ಅಂಗೈ ಸುಲಿಯುವಂತೆ ಎಳೆದ. ಹೊನ್ನಪ್ಪ ನೀಲಿಗಟ್ಟಿದ ತುಟಿಯೊಂದಿಗೆ ಮೇಲೆ ಬಂದು ದೋಣಿಯೊಳಗೆ ಬಿದ್ದ, ನೀರು ಕಕ್ಕಿದ, ಕಣ್ಣು ಬಿಟ್ಟ.

“ಕತ್ತೆ, ಬಟ್ಟಲು ಮುಳುಗಿ ಎಷ್ಟು ಹೊತ್ತಾಯ್ತು? ನಿದ್ದೆ ಹೊಡೀತಿದ್ದೆಯಾ?”

“ಹೌದು ಭಾವ” ಎಂದು ದುಗ್ಗ ಗಳಗಳನೆ ಅತ್ತ.

ಹಡಗಿನ ಬಾಗಿಲು ತೆರೆದು ಮೀನುಗಳು ಹೊರಬಂದವು, ಊರು ಮತ್ತೆ ಉಂಡಿತು, ಸೇನಾಪತಿಯ ನೆಗಡಿ ವಾಸಿಯಾಯಿತು. ಹೊನ್ನಪ್ಪ ನೂರು ಕಾಲ ಬಾಳಿ ದುಗ್ಗನನ್ನು ಬೈದ. ದುಗ್ಗ ನೂರು ಕಾಲ ಬಾಳಿ ಬೈಸಿಕೊಂಡ. ನಾಗು ಇಬ್ಬರಿಗೂ ಮೀನು ಬಡಿಸಿದಳು.